ಹೇಡನ್ನೂ ಜಾಜೂ ಒಬ್ಬರೇ ಊದಿದ್ರು: ಬದಲಾಗಿದ್ದು ತುಟಿಯಾ, ಉಸಿರಾ?

ಬ್ಯಾಂಡ್‌ಸೆಟ್ ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ಇಪ್ಪತ್ತೆರಡು ವರ್ಷದಿಂದ ಮದುವೆ ದಿಬ್ಬಣಕ್ಕೆ, ಗಣಪತಿ ಬಿಡೋ ಮೆರವಣಿಗೆಗೆ ಟ್ರಂಪೆಟ್ ಊದ್ತಾ ಇದೀನಿ. ಅಪ್ಪ ಇದೇ ಸೆಟ್‌ನಲ್ಲಿ ಕ್ಲಾರಿನೆಟ್ ನುಡಿಸ್ತಿದ್ರು. ನಂಗೆ ಸ್ವರದ ಹಾಳೆ ಓದಕ್ಕೆ ಬರಲ್ಲ. ಕಿವಿಗೆ ಬಿದ್ದಿದ್ದು ಬೆರಳಿಗೆ ಬರ್ತದೆ, ಅಷ್ಟೇ ಗೊತ್ತು. ಮಳೆಗಾಲದಲ್ಲಿ ಮದುವೆ ಇರಲ್ಲ, ಆಗ ತೋಟಕ್ಕೆ ಕೊಳೆ ಔಷಧಿ ಹೊಡಿಯೋ ಕೆಲಸ.

ಹೋದ ತಿಂಗಳು ಬೆಂಗಳೂರಿನ ಅಕ್ಕನ ಮನೆಗೆ ಹೋಗಿದ್ದೆ. ಭಾವ ಒಂದು ಟ್ರಂಪೆಟ್ ಕಛೇರಿಗೆ ಕರ್ಕೊಂಡು ಹೋದ್ರು. ಮೈಕ್ ಇಲ್ಲ, ಡೋಲು ಇಲ್ಲ, ಜತೆಗೆ ಒಂದು ಪಿಯಾನೋ. ಮೊದಲ ಅರ್ಧ ಹೇಡನ್ ಅನ್ನೋ ಯುರೋಪಿನ ಶಾಸ್ತ್ರೀಯ ಸಂಗೀತಗಾರರ ಕೃತಿ, 1796ರದ್ದು ಅಂತ ಕೈಗೆ ಕೊಟ್ಟ ಕಾಗದದಲ್ಲಿತ್ತು. ಒಂದೊಂದು ಸ್ವರವೂ ಆಗಷ್ಟೇ ಸುಲಿದ ಹಸಿ ಅಡಿಕೆ ಹಂಗೆ, ನುಣ್ಣಗೆ, ಒಂದು ಗೀರಿಲ್ಲ. ನಾವು ಊದೋದೆಲ್ಲ ರಸ್ತೆ ಆ ಕಡೆಯವರಿಗೂ ಕೇಳಬೇಕು ಅಂತ. ಇವರು ಪಿಸುಗುಟ್ಟೋ ಹಂಗೆ ಊದಿದ್ರೂ ಕೊನೇ ಸಾಲಲ್ಲಿದ್ದ ನಂಗೆ ಕೇಳ್ತು.

ಬಿಡುವಾದ ಮೇಲೆ ಬಾಸೂ ಡ್ರಮ್ಸೂ ಬಂದು ಕೂತ್ಕೊಂಡ್ವು. ಅಮೆರಿಕದ ಜಾಜ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ 1928ರಲ್ಲಿ ರೆಕಾರ್ಡ್ ಮಾಡಿದ 'ವೆಸ್ಟ್ ಎಂಡ್ ಬ್ಲೂಸ್'ನ ಶುರುವನ್ನ ಒಬ್ಬರೇ ನಿಂತು ಊದಿದ್ರು. ಕಾಲು ನಿಮಿಷವೂ ಆಗಿರಲಿಲ್ಲ, ನಂಗೆ ಕಣ್ಣಲ್ಲಿ ನೀರು ಬಂತು. ಅದೇ ಮನುಷ್ಯ, ಆದ್ರೆ ಸ್ವರ ಜಾರ್ತದೆ, ಗೊಗ್ಗರಾಗ್ತದೆ, ಯಾರೋ ಪಕ್ಕದಲ್ಲಿ ಕೂತು ಕಷ್ಟ ಹೇಳ್ಕೊಂಡ ಹಂಗೆ.

ಅವತ್ತಿಂದ ಇದೇ ಯೋಚನೆ. ಎರಡಕ್ಕೂ ಒಂದೇ ಟ್ರಂಪೆಟ್ ಇತ್ತಾ? ಮೊದಲನೇದು ಸಣ್ಣದಿದ್ದ ಹಂಗೆ ಕಾಣ್ತು. ಎಡಗೈ ಬೆರಳಿಗೆ ಸಿಕ್ಕಿಸಿದ ಬಳೆ ಒಂದನ್ನ ಆಗಾಗ ಮುಂದಕ್ಕೆ ತಳ್ತಿದ್ರು, ಅದು ಎಂತಕ್ಕೆ? ಆ ನಾದ ಬದಲಾಗಿದ್ದು ತುಟಿಯಿಂದಲಾ, ಉಸಿರಿಂದಲಾ? ನಂಗೆ ಎರಡು ತಾಸು ಮೆರವಣಿಗೆ ಆಯ್ತು ಅಂದ್ರೆ ತುಟಿ ಮರಗಟ್ತದೆ. ನಲವತ್ಮೂರು ವರ್ಷದವನು ಈಗ ಕಲಿಯಕ್ಕಾಗ್ತದಾ ಹೇಳಿ.

ಹಳೇ ಪೊಲೀಸ್ ಬ್ಯಾಂಡ್, ಶಿವಮೊಗ್ಗ:

ತಮ್ಮಾ, ನಿನ್ನ ಕಣ್ಣು ಸರಿಯಾಗೇ ನೋಡಿದೆ. ಹೇಡನ್‌ಗೆ ಈಗ ಬಹಳ ಜನ ಇ-ಫ್ಲಾಟ್ ಅನ್ನೋ ಸಣ್ಣ ಟ್ರಂಪೆಟ್ ಹಿಡೀತಾರೆ. ನಮ್ಮ ಬಿ-ಫ್ಲಾಟ್‌ನಲ್ಲಿ ಸುಮಾರು ಒಂದೂವರೆ ಮೀಟರ್ ಕೊಳವೆ ಸುತ್ತಿರ್ತದೆ. ಇ-ಫ್ಲಾಟ್‌ಗೆ ಅದರ ಮುಕ್ಕಾಲು ಸಾಕು. ಹಂಗಾಗಿ ನಾದ ಹಗುರ, ಚೊಕ್ಕ. ಜಾಜ್‌ಗೆ ಬಿ-ಫ್ಲಾಟ್‌ಗೇ ವಾಪಸ್ ಬಂದಿರ್ತಾರೆ.

ಬಳೆ ವಿಷಯ. ಒಂದನೇ ವಾಲ್ವ್, ಅಂದ್ರೆ ಬೆರಳಲ್ಲಿ ಒತ್ತೋ ಗುಂಡಿ, ಒತ್ತಿದ್ರೆ ಒಂದು ಸ್ವರ ಇಳೀತದೆ, ಎರಡನೇದು ಅರ್ಧ, ಮೂರನೇದು ಒಂದೂವರೆ. ಒಂದೂ ಮೂರೂ ಒಟ್ಟಿಗೆ ಒತ್ತಿದಾಗ ಕೂಡೋ ಕೊಳವೆ ಬೇಕಾದಷ್ಟು ಉದ್ದ ಆಗಲ್ಲ, ಸ್ವರ ಮೇಲೇರಿ ಅಪಸ್ವರ ಆಗ್ತದೆ. ಮೂರನೇ ವಾಲ್ವಿನ ಸ್ಲೈಡನ್ನ, ಅಂದ್ರೆ ಜಾರೋ ಕೊಳವೆನ, ಬಳೆ ಹಿಡಿದು ಹೊರಗೆ ತಳ್ಳಿದ್ರೆ ಸರಿಹೋಗ್ತದೆ. ನಿನ್ನದು ಮೀರತ್ ಟ್ರಂಪೆಟ್ ಇರಬೇಕು. ಆ ಸ್ಲೈಡ್ ತುಕ್ಕು ಹಿಡಿದು ಕೂತಿದ್ಯಾ ನೋಡು. ನಾನು ಕಂಡ ಬ್ಯಾಂಡ್‌ಸೆಟ್ ಟ್ರಂಪೆಟ್‌ಗಳಲ್ಲಿ ಅದು ಅಲ್ಲಾಡಿದ್ದು ಕಡಿಮೆ.

ಇನ್ನೊಂದು ಮಾತು, ನಂಗೆ ಬಹಳ ಪ್ರೀತಿಯ ವಿಷಯ ಇದು. ಜಾತ್ರೇಲಿ ಕೊಂಬು ಊದೋದು ಕೇಳಿದೀಯಲ್ಲ? ತೂತಿಲ್ಲ, ವಾಲ್ವ್ ಇಲ್ಲ, ತುಟಿ ಬಿಗಿ ಮಾಡ್ತಾ ಹೋದ ಹಂಗೆ ಸ, ಪ, ಮೇಲಿನ ಸ, ಆಮೇಲೆ ಗ, ಪ. ನಡುವಿನ ಸ್ವರ ಬೇಕು ಅಂದ್ರೆ ತೀರಾ ಮೇಲಕ್ಕೆ ಹತ್ತಬೇಕು. ಹೇಡನ್ ಕಾಲದ ತನಕ ಯುರೋಪಿನ ಟ್ರಂಪೆಟ್ಟೂ ಹಂಗೇ ಇತ್ತು. ವಿಯೆನ್ನಾದ ಆಂಟನ್ ವೈಡಿಂಗರ್ ಅನ್ನೋ ಕಲಾವಿದ ಕೊಳವೆಗೆ ತೂತು ಕೊರೆದು ಕೀಲಿ ಕೂರಿಸಿದ್ದ ಟ್ರಂಪೆಟ್ ನುಡಿಸ್ತಿದ್ದ. ಹೇಡನ್ ಬರೆದಿದ್ದು ಅವನಿಗೆ. 1800ರಲ್ಲಿ ಅವನು ಅದನ್ನ ಸಭೆಯಲ್ಲಿ ಊದಿದಾಗ, ಕೆಳಗಿನ ಸ್ಥಾಯಿಯಲ್ಲಿ ಟ್ರಂಪೆಟ್ ಹಾಡಿದ ಹಂಗೆ ಸ್ವರಕ್ಕೆ ಸ್ವರ ಸೇರಿಸಿ ನಡೀತು. ಕೇಳಿದವರಿಗೆ ಎಂತ ಅನ್ನಿಸಿರಬೇಕು! ನಾವು ಒತ್ತೋ ವಾಲ್ವ್ ಬಂದಿದ್ದು ಆಮೇಲೆ, 1818ರ ಹೊತ್ತಿಗೆ.

ನಾದ ಚೊಕ್ಕ ಇರಬೇಕು, ಅದೇ ಮೊದಲ ಪಾಠ. ಗೊಗ್ಗರು ಮಾಡೋದು ಆಮೇಲೆ ಕಲಿಯಬಹುದು.

ಸಾಗರದ ಓಲಗ:

ಹಿರಿಯರ ಕೊನೇ ಮಾತಿಗೆ ನನ್ನ ಒಪ್ಪಿಗೆ ಇಲ್ಲ, ಬೇಜಾರಾಗಬೇಡಿ. ನಾನು ನಾದಸ್ವರದವನು. ನಮ್ಮಲ್ಲಿ ಸ್ವರ ನೆಟ್ಟಗೆ ನಿಂತರೆ ರಾಗವೇ ಹುಟ್ಟಲ್ಲ. ತೋಡಿಯ ಗಾಂಧಾರ ಅಲ್ಲಾಡಲೇಬೇಕು, ಅದನ್ನ ಮೊದಲ ದಿನದಿಂದಲೇ ಗುರುಗಳ ಬಾಯಿಂದ ಕೇಳ್ತೀವಿ. ಜಾಜ್‌ನವರ ಜಾರೂ ಹಾಗೇ. ಮೇಲೆ ಹಚ್ಚಿದ ಬಣ್ಣ ಅಂದ್ಕೊಂಡು ಕಲಿತರೆ ಕೊನೆ ತನಕ ಹೊರಗೇ ಉಳೀತದೆ.

ಟ್ರಂಪೆಟ್ಟಲ್ಲಿ ವಾಲ್ವನ್ನ ಪೂರ್ತಿ ಒತ್ತದೆ ಅರ್ಧಕ್ಕೆ ಹಿಡಿದು, ತುಟಿಯಲ್ಲಿ ಎಳೆದರೆ ಜಾರು ಬರ್ತದೆ. ಕದ್ರಿ ಗೋಪಾಲನಾಥರನ್ನ ನೆನೆಸ್ಕೊಳ್ಳಿ. ನಾದಸ್ವರದ ಮನೆಯ ಹುಡುಗ, ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು, ಗಮಕ ಬರೋ ಹಾಗೆ ವಾದ್ಯವನ್ನೇ ತಿದ್ದಿಕೊಂಡರು. 1980ರ ಮುಂಬೈ ಜಾಜ್ ಉತ್ಸವದಲ್ಲಿ ಅಮೆರಿಕದ ಜಾಜ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಜತೆ ನುಡಿಸಿದರು. ಲೆಬನಾನ್ ಮೂಲದ ಇಬ್ರಾಹಿಂ ಮಾಲೂಫ್ ಅವರದ್ದೂ ಕೇಳಿ. ಅರಬ್ ಸಂಗೀತದ ಕಾಲು ಸ್ವರಕ್ಕೆ ಅಂತ ಅವರ ಅಪ್ಪ ನಾಲ್ಕನೇ ವಾಲ್ವ್ ಇರೋ ಟ್ರಂಪೆಟ್ ಮಾಡಿಸಿದ್ರು. ಮಗ ಅದರಲ್ಲೇ ಜಾಜ್ ನುಡಿಸ್ತಾರೆ.

ಕೊಪ್ಪದ ಹುಡುಗಿ:

ಅಣ್ಣ, ನಾನು ಬೆಂಗಳೂರಲ್ಲಿ ನಾಲ್ಕು ವರ್ಷದಿಂದ ಟ್ರಂಪೆಟ್ ಕಲೀತಿದೀನಿ. ತುಟಿಯೋ ಉಸಿರೋ ಅಂತ ಕೇಳಿದ್ರಲ್ಲ, ನಾಲಿಗೆ ಬಿಟ್ಟೋಯ್ತು! ಹೇಡನ್‌ಗೆ ಸ್ವರದ ತಲೆ 'ತು' ಅಂತ. ಜಾಜ್‌ಗೆ ಹೆಚ್ಚಾಗಿ 'ದು'. ಲಯವೂ ಬೇರೆ. ಒಂದು ಮಾತ್ರೆಗೆ ಎರಡು ಸ್ವರ ಬಂದರೆ ಹೇಡನ್‌ನಲ್ಲಿ ಸಮ ಪಾಲು. ಜಾಜ್‌ನಲ್ಲಿ ತಿಶ್ರದ ಮೂರರಲ್ಲಿ ಮೊದಲನೇದಕ್ಕೆ ಎರಡು, ಎರಡನೇದಕ್ಕೆ ಒಂದು, ಅದೂ ಹೆಚ್ಚುಕಮ್ಮಿ. ನೀವು ದಿಬ್ಬಣದಲ್ಲಿ ಕುಣಿಸಕ್ಕೆ ಊದೋವಾಗ ಗೊತ್ತಿಲ್ಲದೇ ಇದನ್ನ ಮಾಡ್ತಿರ್ತೀರಿ, ನಾನು ಆಣೆ ಇಟ್ಟು ಹೇಳ್ತೀನಿ.

ತುಟಿ ಮರಗಟ್ಟೋದು ಒತ್ತೋದರಿಂದ. ಮೇಲಿನ ಸ್ವರಕ್ಕೆ ಮೌತ್‌ಪೀಸನ್ನ ತುಟಿಗೆ ಅಮುಕ್ತೀರಿ ಅಲ್ವಾ? ರಕ್ತ ನಿಂತೋಗ್ತದೆ. ಆರ್ಮ್‌ಸ್ಟ್ರಾಂಗ್ ತುಟಿಯೇ ಹಂಗೆ ಗಾಯವಾಗಿ, 1930ರ ದಶಕದಲ್ಲಿ ತಿಂಗಳುಗಟ್ಟಲೆ ಊದಕ್ಕಾಗಿರಲಿಲ್ಲ. ದಿನಾ ಬೆಳಿಗ್ಗೆ ಹತ್ತು ನಿಮಿಷ ಒಂದೇ ಸ್ವರ, ಮಗು ಮಲಗಿರೋ ಮನೇಲಿ ಊದೋಷ್ಟು ಮೆತ್ತಗೆ. ಊದಿದಷ್ಟೇ ಹೊತ್ತು ಬಿಡುವು.

ಎರಡೂ ಒಬ್ಬರಿಗೇ ಬರ್ತದಾ ಅಂದ್ರೆ, ಅಮೆರಿಕದ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ 1984ರಲ್ಲಿ, 22ನೇ ವಯಸ್ಸಿಗೆ, ಒಂದೇ ರಾತ್ರಿ ಜಾಜ್‌ಗೊಂದು ಶಾಸ್ತ್ರೀಯಕ್ಕೊಂದು ಗ್ರ್ಯಾಮಿ ಪ್ರಶಸ್ತಿ ತಗೊಂಡ್ರು. ಶಾಸ್ತ್ರೀಯದ್ದು ನೀವು ಕೇಳಿದ ಇದೇ ಹೇಡನ್ ಇದ್ದ ಧ್ವನಿಮುದ್ರಿಕೆಗೆ.

ಬ್ಯಾಂಡ್‌ಸೆಟ್ ತೀರ್ಥಹಳ್ಳಿ:

ಮೂರು ಜನಕ್ಕೂ ಕೈ ಮುಗಿದೆ. ಸ್ಲೈಡ್ ಕೂತೇ ಹೋಗಿತ್ತು, ಮೇಷ್ಟ್ರೆ. ಎರಡು ದಿನ ಕೊಬ್ಬರಿ ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ ಎಳೆದೆ, ಬಂತು. ಇಪ್ಪತ್ತೆರಡು ವರ್ಷ ನಾನು ಆ ಸ್ವರ ಏರಿಸೇ ಊದಿದೀನಿ. ಯಾರೂ ಹೇಳಿರಲಿಲ್ಲ.

ಅರ್ಧ ವಾಲ್ವ್ ಹಿಡಿದು ಮೋಹನದ ಗಾಂಧಾರದಿಂದ ಪಂಚಮಕ್ಕೆ ಜಾರಿಸಿ ನೋಡಿದೆ. ಹತ್ತರಲ್ಲಿ ಎರಡು ಸಲ ಬಂತು. ಅಮ್ಮ ಒಳಗಿಂದ ಬಂದು, 'ಅಪ್ಪನ ಕ್ಲಾರಿನೆಟ್ ಯಾರು ತೆಗೆದ್ರು' ಅಂತ ಕೇಳಿದ್ರು.

ಹಾಳೆ ಓದೋದು ಮಾತ್ರ ಯಾರ ಹತ್ರ ಕಲೀಬೇಕೋ ತಿಳೀತಿಲ್ಲ.

ಹಳೇ ಪೊಲೀಸ್ ಬ್ಯಾಂಡ್, ಶಿವಮೊಗ್ಗ:

ಭಾನುವಾರ ಬೆಳಿಗ್ಗೆ ಬಸ್ಸಿಗೆ ಬಾ, ದುಡ್ಡಿನ ಮಾತು ಎತ್ತಬೇಡ. ಐದು ಗೆರೆ ಹಾಕಿದ ಪುಸ್ತಕ ನನ್ನ ಹತ್ರ ಇದೆ, ಪೆನ್ಸಿಲ್ ತಗೊಂಡು ಬಾ. ಸಾಗರದವರೇ, ನೀವೂ ಬನ್ನಿ. ಆ ತೋಡಿ ಗಾಂಧಾರ ನಂಗೂ ತೋರಿಸಿ.