ಫುಲ್ ಎಚ್‌ಡಿ ಬಿಟ್ಟು 4ಕೆ ಟಿವಿಗೆ ಹೋದವರು, ಹೋಗದೆ ಉಳಿದವರು ದಯವಿಟ್ಟು ಅನುಭವ ತಿಳಿಸಿ

ಕೇಳಿದವರು: ನಮ್ಮ 40 ಇಂಚಿನ ಫುಲ್ ಎಚ್‌ಡಿ ಟಿವಿಗೆ ಯಾವ ತೊಂದರೆಯೂ ಇಲ್ಲ. ಒಂಬತ್ತು ಅಡಿ ದೂರದಲ್ಲಿ ಕುಳಿತು ವಾರ್ತೆಯನ್ನೂ ಹಳೆಯ ಚಲನಚಿತ್ರಗಳನ್ನೂ ನೋಡುತ್ತೇವೆ. 55 ಇಂಚಿನ 4ಕೆ ಕೊಂಡರೆ ಹಣಕ್ಕೆ ತಕ್ಕ ವ್ಯತ್ಯಾಸ ಕಾಣುತ್ತದೆಯೇ?

ಅಳತೆಪಟ್ಟಿ: ನಾನು ಕೊಳ್ಳಲಿಲ್ಲ, ಅದಕ್ಕಾಗಿ ಇಂದಿಗೂ ಹೆಮ್ಮೆಪಡುತ್ತೇನೆ. ಫುಲ್ ಎಚ್‌ಡಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳು, ಅಂದರೆ ಚಿತ್ರವನ್ನು ಮೂಡಿಸುವ ಚುಕ್ಕೆಗಳು, 4ಕೆಯಲ್ಲಿ ಸುಮಾರು 83 ಲಕ್ಷ ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ಆದರೆ ಸಾಮಾನ್ಯ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿ ಕೋನದ ಅರವತ್ತನೆಯ ಒಂದು ಭಾಗಕ್ಕಿಂತ ಸಣ್ಣದನ್ನು ಬೇರ್ಪಡಿಸಿ ಕಾಣಲಾರದು. ಒಂಬತ್ತು ಅಡಿಯಲ್ಲಿ ಅದು ಸುಮಾರು 0.8 ಮಿಲಿಮೀಟರ್. 55 ಇಂಚಿನ ಫುಲ್ ಎಚ್‌ಡಿ ಪರದೆಯ ಪಿಕ್ಸೆಲ್ಲೇ 0.63 ಮಿಲಿಮೀಟರ್ ಇರುವಾಗ, ಅದನ್ನು ಮತ್ತೆ ನಾಲ್ಕಾಗಿ ಸೀಳಿದ್ದನ್ನು ನೋಡುವವರು ಯಾರು?

ಕಪ್ಪುಪ್ರಿಯ: ಇಂತಹ ಲೆಕ್ಕವನ್ನು ಹಿಡಿದುಕೊಂಡೇ ನಾನು ವರ್ಷಗಟ್ಟಲೆ ಹಳೆಯ ಪರದೆಯ ಮುಂದೆ ಕುಳಿತಿದ್ದೆ. ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗಿ ತಾನೇ ಆರುವ ಒಎಲ್‌ಇಡಿ ಪರದೆಯ 4ಕೆ ಟಿವಿ ತಂದ ದಿನ ಕಂಡದ್ದು ಪಿಕ್ಸೆಲ್ಲಲ್ಲ, ಕಪ್ಪು. ಕತ್ತಲೆಯ ದೃಶ್ಯದಲ್ಲಿ ಬೂದು ಮಂಜಿಲ್ಲ. ಬೆಳಕು-ಕತ್ತಲೆಗಳ ಅಂತರವನ್ನು ಹೆಚ್ಚಾಗಿ ತೋರಿಸುವ ಎಚ್‌ಡಿಆರ್ ಚಿತ್ರಗಳಲ್ಲಿ ಪ್ರತಿ ಬಣ್ಣಕ್ಕೂ 256ರ ಬದಲು 1,024 ಹಂತಗಳಿರುವುದರಿಂದ ಸಂಜೆಯ ಆಕಾಶ ಪಟ್ಟೆಪಟ್ಟೆಯಾಗಿ ಒಡೆಯುವುದಿಲ್ಲ. ಖರ್ಚು ಮಾತ್ರ ಟಿವಿಯೊಂದಿಗೆ ಮುಗಿಯಲಿಲ್ಲ. ಹಗಲಿನ ಬೆಳಕು ಪರದೆಯ ಮೇಲೆ ಬಿದ್ದಿತೆಂದು ದಪ್ಪ ಕಿಟಕಿಪರದೆ ಹೊಲಿಸಿದೆ. ಇಂಟರ್ನೆಟ್‌ನಲ್ಲಿ 4ಕೆ ಚಿತ್ರ ನೋಡುವಾಗ ಸೆಕೆಂಡಿಗೆ 15 ಮೆಗಾಬಿಟ್‌ನಂತೆ ಗಂಟೆಗೆ ಏಳು ಜಿಬಿಯಷ್ಟು ಡೇಟಾ ಹರಿದು, ತಿಂಗಳ ಮಿತಿ ಅರ್ಧದಲ್ಲೇ ಮುಗಿದದ್ದರಿಂದ ದುಬಾರಿ ಯೋಜನೆಗೆ ಹೋದೆ. ಆ ಕೋಣೆಗೆ ವೈಫೈ ಸರಿಯಾಗಿ ತಲುಪದೆ, ಕೊನೆಗೆ ತಂತಿಯನ್ನೂ ಎಳೆಸಬೇಕಾಯಿತು.

ಅಳತೆಪಟ್ಟಿ: ಕಪ್ಪು ಬಣ್ಣಕ್ಕೂ 4ಕೆಗೂ ಸಂಬಂಧವಿಲ್ಲ. ತಾವು ಹೊಗಳುತ್ತಿರುವುದು ಪ್ಯಾನೆಲ್ಲನ್ನು, ರೆಸಲ್ಯೂಶನ್ನನ್ನಲ್ಲ, ಅಂದರೆ ಪರದೆಯ ಗುಣವನ್ನು, ಪಿಕ್ಸೆಲ್‌ಗಳ ಎಣಿಕೆಯನ್ನಲ್ಲ.

ಕಪ್ಪುಪ್ರಿಯ: ಒಳ್ಳೆಯ ಪ್ಯಾನೆಲ್ಲನ್ನು ಫುಲ್ ಎಚ್‌ಡಿಯಲ್ಲಿ ಯಾರು ಮಾರುತ್ತಿದ್ದಾರೆ, ತೋರಿಸಿ. ಸಾಮಾನ್ಯ ದೃಷ್ಟಿ ಎಂಬುದು ಕಣ್ಣಿನ ಗರಿಷ್ಠ ಮಿತಿಯೂ ಅಲ್ಲ. ಅದಕ್ಕಿಂತ ಸೂಕ್ಷ್ಮವಾಗಿ ಕಾಣುವವರು ಬಹಳಷ್ಟು ಮಂದಿ ಇದ್ದಾರೆ. ತಮ್ಮ ಕಣ್ಣಿನ ಮಿತಿಯನ್ನು ಲೋಕಕ್ಕೆಲ್ಲ ಹೇರಬೇಡಿ.

ತಂತಿಗಾರ: ನನ್ನ ನೋವು ಬೇರೆ. ಟಿವಿ ಬಂದ ಮೇಲೆ ತಿಳಿದದ್ದೇನೆಂದರೆ, ಡಿಸ್ಕ್ ಪ್ಲೇಯರ್‌ಗೂ ಟಿವಿಗೂ ನಡುವಿದ್ದ, ಸ್ಪೀಕರ್‌ಗಳಿಗೆ ಧ್ವನಿ ಕೊಡುವ ಆಡಿಯೋ ರಿಸೀವರ್‌ಗೆ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ವ್ಯವಸ್ಥೆ ಇರಲಿಲ್ಲ, 4ಕೆ ಡಿಸ್ಕ್ ಹಾಕಿದರೂ ಪರದೆಗೆ ಬಂದದ್ದು ಫುಲ್ ಎಚ್‌ಡಿಯೇ. ಟಿವಿಯ ಅರ್ಧ ಬೆಲೆ ತೆತ್ತು ಹೊಸ ರಿಸೀವರ್ ತಂದರೆ, ಗೋಡೆಯೊಳಗಿನ ಉದ್ದನೆಯ ಎಚ್‌ಡಿಎಂಐ ಕೇಬಲ್ ಸೆಕೆಂಡಿಗೆ 18 ಗಿಗಾಬಿಟ್ ವೇಗ ತಾಳದೆ ಚಿತ್ರ ಮಿನುಗಿ ಆರತೊಡಗಿತು. ಆಪ್ಟಿಕಲ್ ಕೇಬಲ್ ಹಾಕಿಸಿದೆ. ಅದಕ್ಕೆ ಪ್ಲೇಯರ್ ಕಡೆಯ ತುದಿ ಬೇರೆ, ಟಿವಿ ಕಡೆಯ ತುದಿ ಬೇರೆ ಎಂಬುದನ್ನು ಕೆಲಸದವನು ಗಮನಿಸದೆ ತಿರುಗಾಮುರುಗಾ ಹಾಯಿಸಿ ಗಾರೆ ಮೆತ್ತಿಬಿಟ್ಟಿದ್ದ. ಗೋಡೆ ಮತ್ತೆ ಒಡೆಯಿತು, ಬಣ್ಣವನ್ನೂ ಮತ್ತೆ ಬಳಿಸಿದ್ದಾಯಿತು.

ಅಳತೆಪಟ್ಟಿ: ಪ್ಲೇಯರನ್ನು ನೇರವಾಗಿ ಟಿವಿಗೆ ಜೋಡಿಸಿ, ಧ್ವನಿಯನ್ನು ಎಆರ್‌ಸಿ (ಟಿವಿಯಿಂದ ಎಚ್‌ಡಿಎಂಐ ತಂತಿಯಲ್ಲೇ ಧ್ವನಿಯನ್ನು ಹಿಂದಕ್ಕೆ ಕಳುಹಿಸುವ ಸೌಲಭ್ಯ) ಮೂಲಕ ಹಳೆಯ ರಿಸೀವರ್‌ಗೆ ಕಳುಹಿಸಿದ್ದರೆ ಇದೊಂದೂ ಬೇಕಿರಲಿಲ್ಲ.

ತಂತಿಗಾರ: ಪುಕ್ಕಟೆ ಸಲಹೆಗೆ ವಂದನೆಗಳು. ಎಆರ್‌ಸಿಯಲ್ಲಿ ಡಿಸ್ಕ್‌ನ ಗುಣ ಕುಂದದ ಟ್ರೂಎಚ್‌ಡಿ ಧ್ವನಿ ಹಾಯುವುದಿಲ್ಲ, ಅದಕ್ಕೆ ಅದರ ಸುಧಾರಿತ ರೂಪವಾದ ಇಎಆರ್‌ಸಿ ಬೇಕು. ಅದು ನನ್ನ ಹಳೆಯ ರಿಸೀವರ್‌ನಲ್ಲಿ ಇರಲಿಲ್ಲ. 4ಕೆ ಕೊಳ್ಳದವರು 4ಕೆ ಜೋಡಣೆಯ ಪಾಠ ಹೇಳುವುದನ್ನು ಇಲ್ಲಿಯೇ ಕಂಡೆ.

ಕಪ್ಪುಪ್ರಿಯ: ಈ ವಿಷಯದಲ್ಲಿ ತಂತಿಗಾರರೂ ಅವಸರಪಟ್ಟಿದ್ದಾರೆ. ಎರಡು ಎಚ್‌ಡಿಎಂಐ ಔಟ್‌ಪುಟ್‌ಗಳಿರುವ ಪ್ಲೇಯರ್ ತಂದಿದ್ದರೆ ಚಿತ್ರ ಟಿವಿಗೂ ಧ್ವನಿ ಹಳೆಯ ರಿಸೀವರ್‌ಗೂ ಪ್ರತ್ಯೇಕವಾಗಿ ಹೋಗುತ್ತಿತ್ತು.

ತಂತಿಗಾರ: ಆ ಪ್ಲೇಯರ್ ಟಿವಿಯ ಪಕ್ಕದಲ್ಲಿದ್ದರೆ ರಿಸೀವರ್‌ಗೆ ಅಷ್ಟೇ ಉದ್ದದ ತಂತಿ, ರಿಸೀವರ್ ಪಕ್ಕದಲ್ಲಿದ್ದರೆ ಟಿವಿಗೆ ಅಷ್ಟೇ ಉದ್ದದ ತಂತಿ. ಎರಡರಲ್ಲಿ ಯಾವುದನ್ನು ಮಾಡಿದ್ದರೂ ಗೋಡೆಯೊಳಗಿನ ತಂತಿ ತಪ್ಪುತ್ತಿರಲಿಲ್ಲ, ಸ್ವಾಮಿ.