ಅಪ್‌ಡೇಟ್: ನನ್ನ ಮಾಡೆಲ್‌ನಲ್ಲಿ ಕಣ ಯಾಕೆ ಅಷ್ಟು ಚಿಕ್ಕದು ಅಂತ ಗೊತ್ತಾಯಿತು

ಸೂಪರ್‌ಕ್ರಿಟಿಕಲ್ (ಹೆಚ್ಚು ಒತ್ತಡ, ಬಿಸಿಯಲ್ಲಿ ದ್ರವ-ಅನಿಲ ಎರಡರ ಗುಣವೂ ಇರುವ) ಕಾರ್ಬನ್ ಡೈಆಕ್ಸೈಡ್‌ನಲ್ಲಿ ಬೆಂಜೋಯಿಕ್ ಆಸಿಡ್ ಕರಗಿಸಿ ನಾಝಲ್‌ನಿಂದ ಸಿಡಿಸಿದರೆ, ನನ್ನ ಲೆಕ್ಕದ ಮಾಡೆಲ್ 20 ನ್ಯಾನೋಮೀಟರ್ ಕಣ ಅನ್ನುತ್ತೆ, ಗಾಜಿನ ಸ್ಲೈಡ್ ಮೇಲೆ ಮಾತ್ರ 2 ಮೈಕ್ರಾನ್ (2000 ನ್ಯಾನೋಮೀಟರ್) ಪುಡಿ. ಯಾಕೆ ಅಂತ ಕೇಳಿದ್ದೆ.

ಲೆಕ್ಕವನ್ನು ನಾಝಲ್ ಬಾಯಲ್ಲೇ ನಿಲ್ಲಿಸಿಬಿಟ್ಟಿದ್ದೆ! ಅಸಲಿ ಗಲಾಟೆ ಆಮೇಲೆ. ಶಬ್ದಕ್ಕಿಂತ ವೇಗವಾಗಿ ನುಗ್ಗುವ ಜೆಟ್ ಮ್ಯಾಕ್ ಡಿಸ್ಕ್ ಅನ್ನೋ ಶಾಕ್‌ಗೆ (ಒತ್ತಡ ದಿಢೀರನೆ ಏರುವ ತೆಳು ಪದರಕ್ಕೆ) ಬಡಿದು ನಿಧಾನವಾಗುತ್ತದೆ. ಅಲ್ಲಿಂದಾಚೆ, ಚೇಂಬರ್‌ನಲ್ಲಿ, ಪುಟ್ಟ ಕಣಗಳು ಡಿಕ್ಕಿ ಹೊಡೆದು, ಅಂಟಿಕೊಂಡು ದಪ್ಪವಾಗುತ್ತವೆ. ಅದನ್ನು ಸೇರಿಸಿದ ಮೇಲೆ 400 ನ್ಯಾನೋಮೀಟರ್ ಬಂತು. ಪರವಾಗಿಲ್ಲ ಅಲ್ವಾ?

ಈಗಿನ ತಲೆನೋವು ಮೇಲ್ಮೈ ಎಳೆತ. ನ್ಯೂಕ್ಲಿಯೇಶನ್ (ಹೊಸ ಕಣ ಹುಟ್ಟುವ) ಸೂತ್ರದಲ್ಲಿ ಅದರ ಮೂರನೇ ಘಾತ ಎಕ್ಸ್‌ಪೊನೆನ್ಶಿಯಲ್ ಒಳಗೇ ಕೂತಿದೆ. ಸುಮ್ನೆ ಚೂರು ಬದಲಿಸಿದರೂ ಕಣ ಹುಟ್ಟುವ ದರ ಎಲ್ಲಿಂದೆಲ್ಲಿಗೋ ಹಾರುತ್ತದೆ. ಸದ್ಯ ಅದರ ಜೊತೆ ಗುದ್ದಾಡುತ್ತಿದ್ದೇನೆ.