ರೂಟ್ ಮಾಡದೆ ಅಮ್ಮನ ಫೋನಿನ ಜಾಹೀರಾತು ನಿಲ್ಲಿಸುವುದು ಹೇಗೆ ಮಾರಾಯ್ರೇ?

ಮಲ್ಲಿಗೆ ಮನೆ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಂಗಳೂರಿನಲ್ಲಿ, ಅಮ್ಮ ಇರುವುದು ಶಂಕರಪುರದಲ್ಲಿ. ಸಮಸ್ಯೆ ಅಮ್ಮನ ಫೋನಿನದ್ದು.

ಮನೆ ಪಕ್ಕ ಒಂದಷ್ಟು ಮಲ್ಲಿಗೆ ಗಿಡ ಉಂಟು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆ ನಾರನ್ನು ನೀರಲ್ಲಿ ನೆನೆಸಿಟ್ಟು ಅಮ್ಮ ಕಟ್ಟಲು ಕೂರುತ್ತಾರೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟಿ. ಕೈ ಕಟ್ಟುತ್ತಾ ಇರುತ್ತದೆ, ಕಣ್ಣು ಮಾತ್ರ ಫೋನಿನ ಮೇಲೆ, ಇವತ್ತು ಅಟ್ಟಿಗೆ ಎಷ್ಟು ಅಂತ. ರೇಟು ಹಾಕುವ ಪುಟ ತೆರೆದರೆ ಸಾಕು, ಪರದೆ ತುಂಬ ಜಾಹೀರಾತು. ಮುಚ್ಚಲು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಇಂಟು ಗುರುತು. ಒದ್ದೆ ಬೆರಳಲ್ಲಿ ಅದನ್ನು ಒತ್ತಲು ಹೋಗಿ ಪಕ್ಕದ್ದು ಒತ್ತಿದರೆ ಇನ್ನೊಂದು ಎಂಥದೋ ತೆರೆದುಕೊಳ್ಳುತ್ತದೆ.

ಕಳೆದ ವಾರ ಕೆಂಪು ಬಣ್ಣದಲ್ಲಿ "ನಿಮ್ಮ ಫೋನಿನಲ್ಲಿ 13 ವೈರಸ್" ಅಂತ ಬಂತಂತೆ. ಅಮ್ಮ ಹೆದರಿ, ಕೇಳಿದ್ದಕ್ಕೆಲ್ಲ ಹೌದು ಅಂತ ಒತ್ತಿದ್ದಾರೆ. ಆಮೇಲೆ ನನಗೆ ಫೋನ್ ಮಾಡಿ, "ಮಗಾ, ನನ್ನ ಫೋನಿಗೆ ಹುಷಾರಿಲ್ಲ" ಅಂದರು. ಆವತ್ತಿನಿಂದ ಗಂಟೆಗೆ ನಾಲ್ಕು ಸಲ ಟಿಂಗ್ ಅನ್ನುತ್ತದೆ. ಸುಮ್ನೆ ಫೋನ್ ಕೈಗೆತ್ತಿಕೊಂಡರೂ ಜಾಹೀರಾತು. ಸಂಜೆ ಯಕ್ಷಗಾನ ಹಾಕಿದರೆ, ಭಾಗವತರು ಪದ ಎತ್ತುವ ಹೊತ್ತಿಗೇ ಸರಿಯಾಗಿ ಸಾಬೂನಿನವರು ಬರುತ್ತಾರೆ.

ಆಫೀಸಿನಲ್ಲಿ ಒಬ್ಬರು ರೂಟ್ ಮಾಡಿಬಿಡಿ ಅಂದರು, ಅಂದರೆ ಕಂಪನಿ ಹಾಕಿದ ಬೀಗ ತೆಗೆದು ಫೋನನ್ನು ಪೂರ್ತಿ ನಮ್ಮ ಹಿಡಿತಕ್ಕೆ ತೆಗೆದುಕೊಳ್ಳುವುದು. ರೂಟ್ ಮಾಡಿದ ಫೋನಿನಲ್ಲಿ ಬ್ಯಾಂಕಿನ ಆ್ಯಪ್‌ಗಳು ತಕರಾರು ಮಾಡುತ್ತವೆ ಅಂತ ಗೊತ್ತುಂಟು. ಹೂವು ಕೊಳ್ಳುವ ಕಟ್ಟೆಯಿಂದ ದುಡ್ಡು ಬರುವುದು ಆ ಫೋನಿಗೇ. ಹಾಗಾಗಿ ಅದೊಂದು ಬೇಡ. ಆಂಡ್ರಾಯ್ಡ್ 13 ಉಂಟು. ಬೇರೆ ದಾರಿ ಇದ್ದರೆ ಹೇಳಿ.

ಹಂಪನಕಟ್ಟೆ ಸೋಲ್ಡರ್:

ಅಕ್ಕಾ, ರೂಟ್ ಏನೂ ಬೇಡ. ಆಂಡ್ರಾಯ್ಡ್ 9ರಿಂದ ಫೋನಿನಲ್ಲೇ ಖಾಸಗಿ ಡಿಎನ್‌ಎಸ್ ಅಂತ ಒಂದು ಸಾಲು ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಮತ್ತು ಇಂಟರ್ನೆಟ್ ಒಳಗೆ ನೋಡಿ. ಸ್ಯಾಮ್‌ಸಂಗ್ ಆದರೆ ಕನೆಕ್ಷನ್ಸ್ ಒಳಗೆ, ಇನ್ನಷ್ಟು ಸೆಟ್ಟಿಂಗ್ಸ್‌ನಲ್ಲಿ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಡಿಎನ್‌ಎಸ್ ಅಂತ ಹಾಕಿ.

ಅಲ್ಲಿ ಹೋಸ್ಟ್ ಹೆಸರು ಹಾಕುವ ಆಯ್ಕೆ ಒತ್ತಿ, ಡಿಎನ್‌ಎಸ್ ಡಾಟ್ ಆಡ್‌ಗಾರ್ಡ್ ಹೈಫನ್ ಡಿಎನ್‌ಎಸ್ ಡಾಟ್ ಕಾಮ್ ಅಂತ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಬರೆಯಿರಿ. ಸೇವ್ ಮಾಡಿ. ಅಷ್ಟೆ, ಆ್ಯಪ್ ಬೇಡ, ದುಡ್ಡು ಬೇಡ. ವೈಫೈಗೂ ಆಗುತ್ತದೆ, ಮೊಬೈಲ್ ಡೇಟಾಗೂ ಆಗುತ್ತದೆ.

ಹೇಗೆ ಅಂತ ಕೇಳಿದರೆ, ಫೋನು ಯಾವ ತಾಣಕ್ಕೆ ಹೋಗಬೇಕಾದರೂ ಮೊದಲು ವಿಳಾಸ ಕೇಳಬೇಕು. ಆ ವಿಳಾಸ ಹೇಳುವವನೇ ಡಿಎನ್‌ಎಸ್. ಈಗ ನೀವು ಕೂರಿಸುವವನು ಜಾಹೀರಾತಿನ ಮನೆ ಎಲ್ಲಿ ಅಂತ ಕೇಳಿದರೆ ಗೊತ್ತೇ ಇಲ್ಲ ಅನ್ನುತ್ತಾನೆ. ಹಾಗಾಗಿ ಜಾಹೀರಾತು ಇಳಿದು ಬರುವುದೇ ಇಲ್ಲ, ಡೇಟಾನೂ ಉಳಿಯಿತು. ಅಂಗಡಿಗೆ ಬರುವ ಎಲ್ಲ ಹಿರಿಯರ ಫೋನಿಗೂ ನಾನು ಮಾಡುವುದು ಇದನ್ನೇ.

ಕಾಪು ದೀಪ:

ಸೋಲ್ಡರ್ ಅಣ್ಣ ಹೇಳಿದ್ದು ಸರಿ, ಆದರೆ ಈ ಕೇಸಿಗೆ ಅದು ಮೊದಲ ಮದ್ದಲ್ಲ. ನೀವು ಬರೆದದ್ದರಲ್ಲಿ ಬೇರೆ ಬೇರೆ ಕಾಯಿಲೆ ಉಂಟು.

ಟಿಂಗ್ ಅನ್ನುವುದು ಜಾಹೀರಾತಿನ ಆ್ಯಪ್ ಅಲ್ಲ. ಅಮ್ಮ ಹೌದು ಒತ್ತಿದಾಗ ಯಾವುದೋ ತಾಣಕ್ಕೆ ನೋಟಿಫಿಕೇಶನ್ ಕಳಿಸಲು ಒಪ್ಪಿಗೆ ಕೊಟ್ಟಿದ್ದಾರೆ. ಅದು ಬಂದಾಗ ಉಜ್ಜಿ ತೆಗೆಯಬೇಡಿ. ಅದರಲ್ಲಿ ಕ್ರೋಮ್ ಅಂತ ಇದ್ದು ಪಕ್ಕದಲ್ಲಿ ತಾಣದ ಹೆಸರು ಇದ್ದರೆ ಅದೇ ಕಳ್ಳ. ಕ್ರೋಮ್ ತೆರೆದು ಮೂರು ಚುಕ್ಕೆ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್. ಅಲ್ಲಿ ಒಪ್ಪಿಗೆ ಪಡೆದ ತಾಣಗಳ ಪಟ್ಟಿ ಇರುತ್ತದೆ. ಎಲ್ಲ ತೆಗೆಯಿರಿ. ಇನ್ನು ಮುಂದೆ ಕೇಳುವುದೇ ಬೇಡ ಅಂತ ಮೇಲಿನ ಸ್ವಿಚ್ಚೂ ಆಫ್ ಮಾಡಿ.

ಫೋನ್ ಕೈಗೆತ್ತಿಕೊಂಡರೆ ಬರುವುದು ಹೊಸದಾಗಿ ಸೇರಿದ ಯಾವುದೋ ಆ್ಯಪಿನ ಕೆಲಸ. ಜಾಹೀರಾತು ಪರದೆಯಲ್ಲಿ ಇರುವಾಗಲೇ ಇತ್ತೀಚಿನ ಆ್ಯಪ್ ತೋರಿಸುವ ಚೌಕದ ಗುಂಡಿ ಒತ್ತಿ. ಆ ಕಾರ್ಡಿನ ತಲೆ ಮೇಲೆ ಯಾರ ಚಿತ್ರ ಇರುತ್ತದೋ ಅವನನ್ನು ಹಿಡಿಯಿರಿ. ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿ ಯಾರ್ಯಾರಿಗೆ ಉಂಟು ಅಂತಲೂ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಟಾರ್ಚ್, ಕ್ಲೀನರ್ ಅಂತ ಹೆಸರಿದ್ದದ್ದು ಅಲ್ಲಿ ಕಂಡರೆ ನನಗಂತೂ ಸಂಶಯ.

ಇವೆರಡು ಮಾಡದೆ ಡಿಎನ್‌ಎಸ್ ಮಾತ್ರ ಹಾಕಿದರೆ ಸೋರುವ ಹಂಚು ಬಿಟ್ಟು ನೆಲ ಒರೆಸಿದ ಹಾಗೆ.

ಮಲ್ಲಿಗೆ ಮನೆ:

ಭಾನುವಾರ ಊರಿಗೆ ಹೋಗಿ ಬಂದೆ. ಕಟಪಾಡಿಯಲ್ಲಿ ಇಳಿದು ಶಿರ್ವದ ಬಸ್ಸಿಗೆ ಕಾಯುವಾಗ ನಿಮ್ಮಿಬ್ಬರ ಉತ್ತರವನ್ನೂ ಇನ್ನೊಮ್ಮೆ ಓದಿಕೊಂಡೆ. ಪರೀಕ್ಷೆಗೆ ಹೋಗುವವರ ಹಾಗೆ.

ಕ್ರೋಮಿನ ಪಟ್ಟಿಯಲ್ಲಿ 11 ತಾಣ ಇದ್ದವು. ಒಂದರ ಹೆಸರೂ ಅಮ್ಮನಿಗೆ ಗೊತ್ತಿಲ್ಲ. ಎಲ್ಲ ತೆಗೆದೆ, ಟಿಂಗ್ ನಿಂತಿತು. ಚೌಕದ ಗುಂಡಿಯ ಉಪಾಯವೂ ಕೆಲಸ ಮಾಡಿತು. ಕಾಪು ದೀಪ ಅವರೇ, ಕಾರ್ಡಿನ ತಲೆ ಮೇಲೆ ಇದ್ದದ್ದು ಪೊರಕೆ ಚಿತ್ರದ ಕ್ಲೀನರ್! ವೈರಸ್ ತೆಗೆಯುತ್ತೇನೆ ಅಂತ ಒಳಗೆ ಬಂದವನು. "ಅದು ಗುಡಿಸುವುದಲ್ವಾ, ಇರಲಿ" ಅಂದರು ಅಮ್ಮ. ಮಾತಾಡದೆ ಅನ್‌ಇನ್‌ಸ್ಟಾಲ್ ಮಾಡಿದೆ.

ಡಿಎನ್‌ಎಸ್ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಹೆಸರು ಹಾಕಿ ಸೇವ್ ಒತ್ತಲು ಹೋದರೆ ಗುಂಡಿ ಬೂದು ಬಣ್ಣದಲ್ಲೇ ಉಳಿಯಿತು. ಮೂರು ಸಲ ಬರೆದೆ, ಅಳಿಸಿದೆ. ಆಮೇಲೆ ನೋಡಿದರೆ ಕೀಬೋರ್ಡು ತಾನಾಗಿಯೇ ಕಾಮ್ ಆದ ಮೇಲೆ ಒಂದು ಸ್ಪೇಸ್ ಬಿಡುತ್ತಿತ್ತು. ಅದನ್ನು ಅಳಿಸಿದೆ, ಗುಂಡಿ ಜೀವ ಪಡೆಯಿತು. ಬೇರೆಯವರಿಗೆ ಉಪಯೋಗ ಆಗಲಿ ಅಂತ ಬರೆದೆ.

ರೇಟಿನ ಪುಟ ಈಗ ಚೊಕ್ಕ. ಜಾಹೀರಾತು ಇದ್ದ ಜಾಗದಲ್ಲಿ ಖಾಲಿ ಬಿಳಿ ಚೌಕ ಕಾಣುತ್ತದೆ. ಅಮ್ಮ ಅದನ್ನು ನೋಡಿ ಗಾಬರಿಯಾದರು, ಇವತ್ತು ರೇಟು ಹಾಕಲಿಲ್ಲವಾ ಅಂತ. ಕೆಳಗೆ ಇತ್ತು.

ಉಳಿದದ್ದು ಯಕ್ಷಗಾನ. ಯೂಟ್ಯೂಬಿನಲ್ಲಿ ಒಂದು ಜಾಹೀರಾತೂ ಕಡಿಮೆಯಾಗಲಿಲ್ಲ. ನಾನು ಎಂತಾದರೂ ತಪ್ಪು ಮಾಡಿದೆನಾ?

ಹಂಪನಕಟ್ಟೆ ಸೋಲ್ಡರ್:

ತಪ್ಪಿಲ್ಲ ಅಕ್ಕಾ, ನಾನೇ ಹೇಳಬೇಕಿತ್ತು. ಯೂಟ್ಯೂಬಿನಲ್ಲಿ ಯಕ್ಷಗಾನದ ಆಟವೂ ಜಾಹೀರಾತೂ ಬರುವುದು ಒಂದೇ ಮನೆಯಿಂದ. ಆ ಮನೆಯ ವಿಳಾಸ ಕೊಡದಿದ್ದರೆ ಆಟವೂ ಇಲ್ಲ. ಡಿಎನ್‌ಎಸ್‌ಗೆ ಬಾಗಿಲು ಮಾತ್ರ ಕಾಣುತ್ತದೆ, ಒಳಗೆ ಯಾರು ಯಾರು ಕೂತಿದ್ದಾರೆ ಅಂತ ಕಾಣುವುದಿಲ್ಲ.

ಅದಕ್ಕೆ ಫೈರ್‌ಫಾಕ್ಸ್ ಬ್ರೌಸರ್ ಹಾಕಿ, ಅದರ ಒಳಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಅನ್ನುವ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಜೋಡಿಸುವ ಸಣ್ಣ ತಂತ್ರಾಂಶ, ಸೇರಿಸಿ. ಯೂಟ್ಯೂಬ್ ಆ್ಯಪ್ ಬಿಟ್ಟು ಫೈರ್‌ಫಾಕ್ಸಿನಲ್ಲೇ ಯಕ್ಷಗಾನ ತೆರೆಯಬೇಕು. ಫೋನಿನ ಕ್ರೋಮಿನಲ್ಲಿ ಎಕ್ಸ್‌ಟೆನ್ಶನ್ ಸೇರಿಸಲು ಆಗುವುದಿಲ್ಲ. ಯೂಟ್ಯೂಬಿನವರು ಆಗಾಗ ಬಾಗಿಲು ಬದಲಿಸುತ್ತಾರೆ, ಒಂದೆರಡು ದಿನ ಕೆಟ್ಟರೆ ಕೆಟ್ಟಿತು. ಅಮ್ಮನಿಗೆ ಇದೆಲ್ಲ ಕಿರಿಕಿರಿ ಅಂತ ಕಂಡರೆ ತಿಂಗಳಿಗೆ ದುಡ್ಡು ಕೊಟ್ಟು ಪ್ರೀಮಿಯಂ ಮಾಡಿಸುವುದೇ ನೆಮ್ಮದಿ.

ಇನ್ನೊಂದು ವಿಷಯ. ಯಾರಾದರೂ ಎಪಿಕೆ, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರ ಹಾಕುವ ಆ್ಯಪಿನ ಫೈಲು ಕಳಿಸಿ, ಇದರಲ್ಲಿ ಜಾಹೀರಾತೇ ಇಲ್ಲ ಅಂದರೆ ಹಾಕಬೇಡಿ. ಬೇರೆ ಆ್ಯಪ್‌ಗಳ ಜಾಹೀರಾತು ತಡೆಯುವ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಲ್ಲಿ ಇಡಲು ಗೂಗಲ್ ಬಿಡುವುದಿಲ್ಲ. ಹಾಗಾಗಿ ಒಳ್ಳೆಯವೂ ಹೊರಗಿನಿಂದಲೇ ಬರಬೇಕು, ಕೆಟ್ಟವೂ ಹೊರಗಿನಿಂದಲೇ. ಬ್ಯಾಂಕ್ ಇರುವ ಫೋನಿನಲ್ಲಿ ಆ ಆಟ ಬೇಡ.

ಸುದ್ದಿ ಅಂಗಡಿ:

ನಾನು ಸಣ್ಣ ಸುದ್ದಿ ತಾಣ ನಡೆಸುವವನು. ನೀವೆಲ್ಲ ಸೇರಿ ನನ್ನ ಮಧ್ಯಾಹ್ನದ ಊಟಕ್ಕೆ ಕಲ್ಲು ಹಾಕುತ್ತಿದ್ದೀರಿ, ಗೊತ್ತಿರಲಿ.

ಪರದೆ ತುಂಬ ಬರುವುದು, ವೈರಸ್ ಅಂತ ಹೆದರಿಸುವುದು, ಅದನ್ನು ನಾನು ಸಮರ್ಥಿಸುವುದಿಲ್ಲ. ಅದು ವ್ಯಾಪಾರವಲ್ಲ, ಕಿಸೆಗೆ ಕೈ ಹಾಕುವುದು. ಆದರೆ ಊರಿನ ಸಾವು, ಮದುವೆ, ಮಳೆಗೆ ಬಿದ್ದ ಮರ, ಇದನ್ನೆಲ್ಲ ಉಚಿತವಾಗಿ ಓದುವಾಗ ಬದಿಯಲ್ಲಿ ಒಂದು ಚಿನ್ನದಂಗಡಿಯ ಚಿತ್ರ ಕಂಡರೆ ಏನು ನಷ್ಟ? ಮಲ್ಲಿಗೆ ರೇಟು ಹಾಕುವವರಿಗೂ ಸರ್ವರ್ ಖರ್ಚು ಉಂಟಲ್ವಾ?

ಮಲ್ಲಿಗೆ ಮನೆ:

ನಿಮ್ಮ ಮಾತು ಒಪ್ಪಿದೆ. ಬದಿಯಲ್ಲಿ ಸುಮ್ನೆ ಕೂತಿದ್ದರೆ ನಾನು ಇಲ್ಲಿಗೆ ಬಂದು ಪ್ರಶ್ನೆಯೇ ಕೇಳುತ್ತಿರಲಿಲ್ಲ. ಸಾಸಿವೆಯಷ್ಟು ಇಂಟು ಗುರುತು ಇಟ್ಟವರಿಂದ ನಿಮಗೂ ಪೆಟ್ಟು.

ನಿಮ್ಮ ತಾಣಕ್ಕೆ ಮಾತ್ರ ಬಿಡಲು ಆಗುತ್ತದಾ ಅಂತ ನೋಡಿದೆ. ಡಿಎನ್‌ಎಸ್‌ನಲ್ಲಿ ಆಗುವುದಿಲ್ಲ, ಅದು ತಡೆಯುವುದು ಜಾಹೀರಾತಿನ ಮನೆಯನ್ನು, ಯಾರ ತಾಣದಲ್ಲಿ ಕಾಣುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ಯುಬ್ಲಾಕ್‌ನಲ್ಲಿ ಆಗುತ್ತದೆ, ಆ ತಾಣದಲ್ಲಿ ಇರುವಾಗ ದೊಡ್ಡ ಪವರ್ ಗುಂಡಿ ಒತ್ತಿದರೆ ಸಾಕು. ನನ್ನ ಫೋನಿನಲ್ಲಿ ಡಿಎನ್‌ಎಸ್ ಹಾಕಿಲ್ಲ, ಯುಬ್ಲಾಕ್ ಮಾತ್ರ. ಹೆಸರು ಹೇಳಿ, ಒತ್ತುತ್ತೇನೆ. ಅಮ್ಮನ ಫೋನ್ ಮಾತ್ರ ಈಗ ಇದ್ದ ಹಾಗೇ ಇರುತ್ತದೆ, ಬೇಸರ ಮಾಡಬೇಡಿ.

ಯಕ್ಷಗಾನ ಫೈರ್‌ಫಾಕ್ಸಿನಲ್ಲಿ ಓಡುತ್ತಿದೆ. ಪರದೆ ಆರಿದರೆ ಪದವೂ ನಿಲ್ಲುತ್ತದೆ ಅಂತ ಅಮ್ಮನ ದೂರು. ಹೂ ಬುಟ್ಟಿಗೆ ಒರಗಿಸಿ ಇಟ್ಟಿರುತ್ತಾರೆ, ಪರದೆ ಆರದಿರುವ ಸಮಯ 10 ನಿಮಿಷ ಮಾಡಿ ಬಂದಿದ್ದೇನೆ.

ಒಂದು ಎಚ್ಚರಿಕೆ. ನಿನ್ನೆ ಅಮ್ಮ ಆಸ್ಪತ್ರೆಗೆ ಹೋಗಿದ್ದರು, ಅಲ್ಲಿಯ ವೈಫೈ ಹಾಕಿದ್ದೇ ತಡ ಇಂಟರ್ನೆಟ್ ಬಂದ್. ಲಾಗಿನ್ ಪುಟವೇ ಬರಲಿಲ್ಲ. ಫೋನಿನಲ್ಲಿ ಹೇಳಿಕೊಟ್ಟು ವೈಫೈ ಆಫ್ ಮಾಡಿಸಿದೆ, ಸರಿಯಾಯಿತು.

ಈಗ ಹೊಸ ತಾಪತ್ರಯ. ಪಕ್ಕದ ಮನೆ ಬಾಯಮ್ಮ ನೋಡಿದರು, ತಮ್ಮ ಫೋನಿಗೂ ಮಾಡಿಕೊಡು ಅಂದರು. ಅವರದ್ದು ಆಂಡ್ರಾಯ್ಡ್ 8. ಖಾಸಗಿ ಡಿಎನ್‌ಎಸ್ ಸಾಲೇ ಇಲ್ಲ.

ಕಾಪು ದೀಪ:

ಕೆಲವು ವೈಫೈಗಳಲ್ಲಿ 853ನೇ ಪೋರ್ಟ್, ಅಂದರೆ ಡೇಟಾ ಹೋಗುವ ಒಂದು ಬಾಗಿಲು, ಮುಚ್ಚಿರುತ್ತಾರೆ, ಖಾಸಗಿ ಡಿಎನ್‌ಎಸ್ ಹೋಗುವುದು ಅದರಲ್ಲೇ. ಅಲ್ಲಿ ಇರುವಷ್ಟು ಹೊತ್ತು ಸ್ವಯಂಚಾಲಿತ ಅಂತ ಬದಲಿಸಿದರೂ ಆಗುತ್ತದೆ.

8ರಲ್ಲಿ ಆ ಸಾಲು ಇರುವುದಿಲ್ಲ. ಬಾಯಮ್ಮನ ಮನೆಯಲ್ಲಿ ವೈಫೈ ಉಂಟಾ? ಇದ್ದರೆ ವೈಫೈ ಹೆಸರನ್ನು ಒತ್ತಿ ಹಿಡಿದು, ಮಾರ್ಪಡಿಸು ಒಳಗೆ ಐಪಿ ಸೆಟ್ಟಿಂಗ್ಸ್ ಸ್ಟ್ಯಾಟಿಕ್ ಮಾಡಿ, ಡಿಎನ್‌ಎಸ್ 1ಕ್ಕೆ 94.140.14.14, ಡಿಎನ್‌ಎಸ್ 2ಕ್ಕೆ 94.140.15.15 ಹಾಕಿ. ಉಳಿದ ಸಾಲುಗಳಲ್ಲಿ ಆ ವೈಫೈಗೆ ಮೊದಲಿದ್ದ ಸಂಖ್ಯೆಗಳೇ ಇರಬೇಕು. ಆ ವೈಫೈಗೆ ಮಾತ್ರ ಆಗುತ್ತದೆ, ಡೇಟಾ ಹಾಕಿದರೆ ಇಲ್ಲ. ವೈಫೈ ಇಲ್ಲದಿದ್ದರೆ ಫೈರ್‌ಫಾಕ್ಸ್ ಒಂದೇ. ಹೋಗುವಾಗ ಅವರ ಕ್ರೋಮಿನ ನೋಟಿಫಿಕೇಶನ್ ಪಟ್ಟಿಯನ್ನೂ ನೋಡಿ ಬನ್ನಿ, ಎಷ್ಟಿತ್ತು ಅಂತ ಇಲ್ಲಿ ಹಾಕಿ.

ಮಲ್ಲಿಗೆ ಮನೆ:

ನೋಡಿದೆ. 34!